ಆಫ್ರಿಕಾದ ತೋಟಕ್ಕೆ ಹೊರಟ ಹುಡುಗನಿಗೆ

ಮಗಾ, ಕಂಪನಿಯ ಕಾಗದ ಬಂದ ದಿನದಿಂದ ನಿಮ್ಮಮ್ಮನ ಕನಸಿನಲ್ಲಿ ಬರೀ ಸಿಂಹ, ನಿಮ್ಮಪ್ಪನ ಕನಸಿನಲ್ಲಿ ಬರೀ ಡಾಲರು. ನೀನು ಹೋಗುವ ಜಾಗದಲ್ಲಿ ಎರಡೂ ಅಷ್ಟು ಸಲೀಸಾಗಿ ಕಣ್ಣಿಗೆ ಬೀಳುವುದಿಲ್ಲ. ಟಾಂಜಾನಿಯಾದ ತೆಂಕಣ ತುದಿ, ರುವುಮಾ ಪ್ರಾಂತ್ಯ, ಸೊಂಗೆಯಾ ಪೇಟೆಯಿಂದ ಒಳಗೆ. ದಾರ್ ಎಸ್ ಸಲಾಮಿನಿಂದ ರಸ್ತೆಯಲ್ಲಿ ಸಾವಿರ ಕಿಲೋಮೀಟರಿಗೆ ಹತ್ತಿರ. ಆ ಸೀಮೆಯ ಕಾಫಿ ತೋಟದಲ್ಲಿ ನಾನೂ ದುಡಿದು ಬಂದವನಾದ್ದರಿಂದ ನಮ್ಮ ಹಾಸನ ಜಿಲ್ಲೆಯ ಹೆತ್ತೂರು, ಯಸಳೂರು, ಪಾಳ್ಯದ ಕಡೆಯ ಹುಡುಗರು ಹೊರಡುವ ಮೊದಲು ನಮ್ಮ ಮನೆ ಜಗಲಿಗೆ ಬಂದು ಕೂರುತ್ತಾರೆ. ಕೇಳುವುದು ಮಾತ್ರ ಮೂರೇ: ಸಂಬಳ, ವೀಸಾ, ಹಾವು. ಯಾರೂ ಕೇಳದ್ದನ್ನು ನಿನಗೆ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ನೀನು ದೊರೆಯಲ್ಲ.

ನಗಬೇಡ. ನಮ್ಮ ಕಡೆ ಇವತ್ತಿಗೂ ಹಳೇ ಎಸ್ಟೇಟುಗಳಲ್ಲಿ ಮ್ಯಾನೇಜರ್ ಮನೆಯನ್ನು ದೊರೆ ಬಂಗ್ಲೆ ಅನ್ನುವವರಿದ್ದಾರೆ. ರಾಬರ್ಟ್ ಎಲಿಯಟ್ ಅಂತ ಒಬ್ಬ ಬಿಳಿಯ 1850ರ ದಶಕದಲ್ಲಿ ನಮ್ಮ ಮಂಜರಾಬಾದಿಗೆ ಬಂದು ಕಾಡು ಕಡಿಸಿ ಕಾಫಿ ಹಾಕಿದ. 1871ರಲ್ಲಿ ಮೈಸೂರಿನ ಕಾಡುಗಳಲ್ಲಿ ಪ್ಲಾಂಟರನಾಗಿ ಕಂಡದ್ದು ಉಂಡದ್ದನ್ನೆಲ್ಲ ಎರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ನಮ್ಮ ಗೌಡರನ್ನು ಮೆಚ್ಚಿಕೊಂಡೇ ಬರೆದಿದ್ದಾನೆ. ಆದರೆ ಮೆಚ್ಚುವ ಅಧಿಕಾರ ಯಾವಾಗಲೂ ಅವನದೇ. ನಮ್ಮ ಹಿರಿಯರು ಅವನನ್ನು ಏನಂದುಕೊಂಡರು ಅಂತ ಬರೆದಿಟ್ಟವರಿಲ್ಲ. ಈಗ ವಿಮಾನ ಹತ್ತಿ ಹೋಗುವ ನಮ್ಮ ಹುಡುಗರು ಅಲ್ಲಿಳಿದು ಹದಿನೈದು ದಿನಕ್ಕೇ ಫೇಸ್‌ಬುಕ್ಕಿನಲ್ಲಿ ಎಲಿಯಟ್ ಆಗಿಬಿಡುತ್ತಾರೆ. ಮಣ್ಣಿನ ಗೋಡೆ, ಬರಿಗಾಲಿನ ಮಕ್ಕಳು, ತಲೆ ಮೇಲೆ ಕೊಡ, ಇಷ್ಟೇ ಫೋಟೋ. ನಲವತ್ತು ವರ್ಷದ ಹಿಂದೆ ಹಾನುಬಾಳಿನಲ್ಲಿ ಕ್ಯಾಮೆರಾ ಹಿಡಿದಿದ್ದರೆ ಇದೇ ಫೋಟೋ ಬರುತ್ತಿತ್ತು. ಕೇಳದೆ ಯಾರ ಪಟವನ್ನೂ ತೆಗೆಯಬೇಡ. ಸೇತುವೆ, ಪೊಲೀಸ್, ಮಿಲಿಟರಿ ಕಡೆಗಂತೂ ಮೊಬೈಲ್ ಎತ್ತಲೇಬೇಡ, ಸುಮ್ಮನೆ ಸ್ಟೇಷನ್ನಿನಲ್ಲಿ ಕೂರಬೇಕಾಗುತ್ತದೆ.

ಆ ಜನಕ್ಕೆ ದೊರೆಗಳ ರುಚಿ ಚೆನ್ನಾಗಿ ಗೊತ್ತು. ಜರ್ಮನರು ಅಲ್ಲಿ ಬಲವಂತವಾಗಿ ಹತ್ತಿ ಬೆಳೆಸಲು ಹೋದಾಗ 1905ರಲ್ಲಿ ಮಾಜಿಮಾಜಿ ದಂಗೆ ಎದ್ದಿತು. ಮಂತ್ರಿಸಿದ ನೀರು ಕುಡಿದರೆ ಗುಂಡು ನೀರಾಗುತ್ತದೆ ಅಂತ ನಂಬಿ ಜನ ಕೋವಿಗೆ ಎದೆ ಕೊಟ್ಟರು. 1906ರಲ್ಲಿ ಸೊಂಗೆಯಾದಲ್ಲೇ ನ್ಗೋನಿ ಮುಖಂಡರನ್ನು ಗಲ್ಲಿಗೇರಿಸಿದರು. ಅಲ್ಲೀಗ ಮ್ಯೂಸಿಯಂ ಇದೆ. ಸೇರಿದ ಮೊದಲ ಭಾನುವಾರವೇ ಅಲ್ಲಿಗೆ ಹೋಗಿ ಬಾ. ಆಮೇಲೆ ಚೆಕ್‌ರೋಲ್ ಹಿಡಿದು ಆಳುಗಳ ಎದುರು ನಿಂತಾಗ ನಿನ್ನ ದನಿ ತಾನಾಗಿ ತಗ್ಗುತ್ತದೆ.

ಅಲ್ಲಿ ಹಿರಿಯರನ್ನು ಕಂಡರೆ ಕಿರಿಯರು ‘ಶಿಕಮೂ’ ಅನ್ನಬೇಕು, ಹಿರಿಯರು ‘ಮರಹಬಾ’ ಅನ್ನುತ್ತಾರೆ. ನೀನು ಇಪ್ಪತ್ತನಾಲ್ಕರ ಅಸಿಸ್ಟೆಂಟ್ ಮ್ಯಾನೇಜರು, ಎದುರಿಗೆ ಕುಕ್ಕೆ ಹಿಡಿದು ನಿಂತವನಿಗೆ ಅರವತ್ತು. ಶಿಕಮೂ ಹೇಳಬೇಕಾದವನು ನೀನು. ಆಮೇಲೆ ಬೆಳಗಿನ ಸಮಾಚಾರ, ಮನೆಯ ಸಮಾಚಾರ, ಮಕ್ಕಳ ಸಮಾಚಾರ, ಅದಾದ ಮೇಲೆ ಕೆಲಸ. ನಮ್ಮ ಅಜ್ಜಂದಿರೂ ಹೀಗೇ ಅಲ್ಲವೇ, ಮಳೆ ಬೆಳೆ ವಿಚಾರಿಸದೆ ಬಂದ ಕೆಲಸ ಬಾಯಿ ಬಿಡುತ್ತಿರಲಿಲ್ಲ. ನಾನಿದ್ದ ತೋಟಕ್ಕೆ ಬಂದ ಒಬ್ಬ ಹುಡುಗ, ನಮ್ಮವನೇ, ಬುದ್ಧಿವಂತ, ಇದನ್ನೆಲ್ಲ ಹೊತ್ತು ಹಾಳು ಅಂದುಕೊಂಡ. ಬಂದ, ಹೆಸರು ಕೂಗಿದ, ಪಟ್ಟೆ ಹಂಚಿದ, ಜೀಪು ಹತ್ತಿ ಹೋದ. ಆಳುಗಳು ಗಲಾಟೆ ಮಾಡಲಿಲ್ಲ, ಕೆಲಸವನ್ನೂ ನಿಲ್ಲಿಸಲಿಲ್ಲ. ಮಾತು ನಿಲ್ಲಿಸಿದರು. ಒಂದು ದಿನ ಬೆಳಗ್ಗೆ ಗುಡ್ಡದ ಮೇಲೆ ಕಾಲುವೆಯ ಒಡ್ಡು ಕಿತ್ತುಹೋಗಿತ್ತು. ಆಳುಗಳ ಲೈನಿನ ಮಕ್ಕಳಿಗೂ ಅದು ಗೊತ್ತು. ಅವನಿಗೆ ಗೊತ್ತಾದದ್ದು ಸಾಯಂಕಾಲ ಪಲ್ಪರಿಗೆ ನೀರಿಲ್ಲದೆ ನಿಂತಾಗ. ಅಷ್ಟು ಹೊತ್ತಿಗೆ ಅಂದಿನ ಹಣ್ಣೆಲ್ಲ ಚೀಲದಲ್ಲೇ ಬಿಸಿಯೇರಿ ಹುಳಿವಾಸನೆ ಹೊಡೆಯುತ್ತಿತ್ತು. ಹಣ್ಣನ್ನು ಕುಯ್ದ ದಿನವೇ ಪಲ್ಪ್ ಮಾಡಬೇಕು ಅಂತ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಒಂದು ಶಿಕಮೂ ಉಳಿಸಲು ಹೋಗಿ ಎಷ್ಟು ಚೀಲ ಪಾರ್ಚ್‌ಮೆಂಟ್ ಕೆಟ್ಟಿತು, ನೀನೇ ಲೆಕ್ಕ ಹಾಕು.

ನಮ್ಮ ಲೈನುಗಳಲ್ಲಿ ಈಗ ಅಸ್ಸಾಮಿನ ಹುಡುಗರಿದ್ದಾರಲ್ಲ, ಅವರನ್ನು ಹೊರಡುವ ಮೊದಲು ಒಂದು ಸಲ ಸರಿಯಾಗಿ ನೋಡು. ಭಾಷೆ ಬರುವುದಿಲ್ಲ, ಮುದ್ದೆ ಗಂಟಲಿಗಿಳಿಯುವುದಿಲ್ಲ, ಜೂನ್ ತಿಂಗಳಲ್ಲಿ ಇಂಬಳ ಕಂಡರೆ ಕುಣಿಯುತ್ತಾರೆ, ನಮ್ಮವರು ಹಿಂದೆ ನಿಂತು ನಗುತ್ತಾರೆ. ಸೊಂಗೆಯಾದಲ್ಲಿ ಅದೇ ಪಾತ್ರ ನಿನ್ನದು. ಸಂಬಳ ಮಾತ್ರ ಜಾಸ್ತಿ.

ಇನ್ನು ಊರಿನ ವಿಷಯ. ಅಲ್ಲಿಗೆ ಹೋದವನಿಗೆ ಮೊದಲ ವಾರ ಒಂದು ಮೋಸ ಆಗುತ್ತದೆ, ಎಲ್ಲ ನಮ್ಮ ಹಾಗೇ ಕಾಣುತ್ತದೆ. ಅದೇ ಎತ್ತರ, ಅದೇ ಕೆಂಪು ಮಣ್ಣು, ಅದೇ ಬಾಳೆ, ಅದೇ ಕಾಫಿ. ನಂಟೂ ಸುಳ್ಳಲ್ಲ. ಹಾಸನದವನು ಎದೆ ತಟ್ಟಿ ನಮ್ಮದು ಅನ್ನುವ ರಾಗಿ ಮೊದಲು ಪೈರಾದದ್ದು ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮಲ್ಲಿಗೆ ಬಂತು. ರೊಬಸ್ಟಾ ಆಫ್ರಿಕಾದ್ದು. ಅರೇಬಿಕಾ ಹುಟ್ಟಿದ್ದು ಇಥಿಯೋಪಿಯಾದಲ್ಲಿ, ಯೆಮನ್ ದಾಟಿ ಬಾಬಾಬುಡನ್‌ಗಿರಿ ಸೇರಿತು. ಇಲ್ಲಿಂದ ಅಲ್ಲಿಗೆ ಹೋದದ್ದೂ ಇದೆ. 1911ರ ಸುಮಾರಿಗೆ ಚಿಕ್ಕಮಗಳೂರು ಕಡೆಯ ದೊಡ್ಡೇನಗುಡ್ಡ ತೋಟದಲ್ಲಿ ಕೆಂಟ್ ಎಂಬ ಪ್ಲಾಂಟರು ಎಲೆತುಕ್ಕಿಗೆ ಜಗ್ಗದ ಒಂದು ಗಿಡ ಗುರುತಿಸಿದ. ಆ ಕೆಂಟ್ ತಳಿಯ ಬೀಜ ಪೂರ್ವ ಆಫ್ರಿಕಾಕ್ಕೆ ಹೋಯಿತು. ಟಾಂಜಾನಿಯಾದವರು ಕೆಪಿ 423 ಅನ್ನುವ ಗಿಡ ಅದರದೇ ಕುಡಿ. ನಾವಿಲ್ಲಿ ತಲೆಮಾರಿನಿಂದ ಬೆಳೆಯುತ್ತಿರುವ ಎಸ್. 795ರಲ್ಲೂ ಕೆಂಟ್ ರಕ್ತವಿದೆ. ಹಾಗಾಗಿ ಅಲ್ಲಿನ ತೋಟದಲ್ಲಿ ನಿನಗೆ ದಾಯಾದಿ ಗಿಡಗಳು ಸಿಕ್ಕೇ ಸಿಗುತ್ತವೆ.

ಆದರೆ ದಾಯಾದಿ ಅಂತ ಸಲಿಗೆ ತೋರಿಸಿದೆಯೋ, ಕೆಟ್ಟೆ. ಅದು ಭೂಮಧ್ಯರೇಖೆಯ ಆಚೆ ಬದಿ. ಇಲ್ಲಿ ಮಾರ್ಚಿನಲ್ಲಿ ಹೂ ಮಳೆಗೆ ಆಕಾಶ ನೋಡುತ್ತೇವೆ, ಅಲ್ಲಿ ಆಗ ಮಳೆಗಾಲ. ನಮ್ಮ ಮೋರಿಗಳು ತುಂಬಿ ಹರಿಯುವ ಜೂನ್ ಜುಲೈನಲ್ಲಿ ಅಲ್ಲಿ ಬಿಸಿಲು ಕಾಯುತ್ತ ಹಣ್ಣು ಕುಯ್ಯುತ್ತಾರೆ. ಬಿಸಿಲು ಅಂದೆ ಅಂತ ಬರೀ ಅಂಗಿ ತುಂಬಿಕೊಂಡು ಹೋಗಬೇಡ. ಆ ತಿಂಗಳುಗಳಲ್ಲಿ ಎತ್ತರದ ಮ್ಬಿಂಗಾ ಕಡೆ ರಾತ್ರಿ ಹಲ್ಲು ಕಡಿಯುವ ಚಳಿ. ಸೂಟ್‌ಕೇಸಿನಲ್ಲಿ ಚಕ್ಕುಲಿ ಡಬ್ಬಿ ಕಡಿಮೆ ಮಾಡಿ ಒಂದು ಕಂಬಳಿ ಇಡು. ಹಾಂ, ಉಪ್ಪಿನಕಾಯಿಯನ್ನು ನಿಮ್ಮಮ್ಮ ಪ್ಲಾಸ್ಟಿಕ್ ಕವರಿನ ಮೇಲೆ ಕವರು ಹಾಕಿ ಕಟ್ಟಿಕೊಡುತ್ತಾಳೆ. 2019ರ ಜೂನ್‌ನಿಂದ ಟಾಂಜಾನಿಯಾದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗಿಗೆ ನಿಷೇಧ. ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಬಟ್ಟೆ ಚೀಲಕ್ಕೆ ಹಾಕಿಸಿಕೊ.

ನೆರಳಿನ ವಿಷಯದಲ್ಲಿ ಬಾಯಿ ಬಿಗಿಹಿಡಿ. ನಾವು ಹಲಸು, ಅತ್ತಿ, ಸಿಲ್ವರ್ ಓಕ್ ಕೆಳಗೆ ಕಾಫಿ ಬೆಳೆದು ಮರಗಸಿಯಲ್ಲೇ ಆಯುಷ್ಯ ಕಳೆದವರು. ಅಲ್ಲಿನ ದೊಡ್ಡ ತೋಟಗಳಲ್ಲಿ ಬಟಾಬಯಲಲ್ಲಿ ನೀರು ಹಾಯಿಸಿ ಬೆಳೆಯುವುದೂ ಉಂಟು. ಇಳಿದ ದಿನವೇ ‘ನಮ್ಮ ಸಕಲೇಶಪುರದಲ್ಲಿ ಹೀಗಲ್ಲ’ ಅಂತ ಶುರು ಮಾಡಿದವನ ಮಾತನ್ನು ಆಮೇಲೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೊದಲು ಮ್ಬಿಂಗಾದ ಮತೆಂಗೊ ರೈತರ ಹೊಲ ನೋಡು. ಕಡಿದಾದ ಗುಡ್ಡದ ಮೈಯಲ್ಲಿ ಅವರು ಹುಲ್ಲು ಕೊಯ್ದು ಚೌಕ ಚೌಕವಾಗಿ ಸಾಲು ಹಾಕುತ್ತಾರೆ. ಪ್ರತಿ ಚೌಕದ ನಡುವಿನ ಮಣ್ಣು ಅಗೆದು ಆ ಹುಲ್ಲಿನ ಮೇಲೆ ಎಳೆಯುತ್ತಾರೆ. ಸಾಲು ಬದುವಾಗುತ್ತದೆ, ನಡುವೆ ಗುಂಡಿಯಾಗುತ್ತದೆ. ಬದುವಿನ ಮೇಲೆ ಒಂದು ಸಲ ಹುರುಳಿಕಾಯಿ ಬೀಜ, ಮುಂದೆ ಮುಸುಕಿನ ಜೋಳ. ಒಳಗೆ ಹುಲ್ಲು ಕೊಳೆತು ಗೊಬ್ಬರ, ಗುಂಡಿಯಲ್ಲಿ ಮಳೆನೀರು ಇಂಗುತ್ತದೆ, ಮಣ್ಣು ಹಳ್ಳ ಸೇರುವುದಿಲ್ಲ. ನ್ಗೊರೊ ಅನ್ನುತ್ತಾರೆ ಅದಕ್ಕೆ. ನೂರು ವರ್ಷಕ್ಕೂ ಹಳೆಯ ಪದ್ಧತಿ, ಯಾವ ಕೃಷಿ ವಿಶ್ವವಿದ್ಯಾಲಯವೂ ಹೇಳಿಕೊಟ್ಟದ್ದಲ್ಲ. ಕಾಫಿ ತೋಟದಲ್ಲಿ ತೊಟ್ಟಿಲು ಗುಂಡಿ ತೆಗೆಸಿದ ನಮಗೆ ಅದರ ಬೆಲೆ ಬೇಗ ತಿಳಿಯಬೇಕು.

ನೆಲ ತಿಳಿಯದೆ ಹಾರಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಕಥೆ ಇದೆ. ಬೆಂಗಳೂರಿನ ಕರುತೂರಿ ಗ್ಲೋಬಲ್ ಗುಲಾಬಿಯಿಂದ ಹೆಸರು ಮಾಡಿ ಇಥಿಯೋಪಿಯಾದ ಗಂಬೆಲಾದಲ್ಲಿ 1 ಲಕ್ಷ ಹೆಕ್ಟೇರು ಭೂಮಿ ಗುತ್ತಿಗೆ ಹಿಡಿಯಿತು. ನದಿ ಬಯಲು ಅದು. 2011ರಲ್ಲಿ ಬಾರೊ ನದಿ ಉಕ್ಕಿ ಮುಸುಕಿನ ಜೋಳದ ಬೆಳೆ ನೀರುಪಾಲಾಯಿತು, 2015ರ ಕೊನೆಗೆ ಅಲ್ಲಿನ ಸರ್ಕಾರ ಗುತ್ತಿಗೆಯನ್ನೇ ರದ್ದು ಮಾಡಿತು. ನಮ್ಮವರಿಗೆ ಎಲ್ಲಿ ಹೋದರೂ ನಾಲ್ಕು ಎಕರೆ ಮಾಡುವ ಚಪಲ. ಟಾಂಜಾನಿಯಾದಲ್ಲಿ ಭೂಮಿ ದೇಶದ ಸೊತ್ತು, ವಿದೇಶಿಯರು ಕ್ರಯಕ್ಕೆ ಕೊಳ್ಳುವಂತಿಲ್ಲ. ಯಾರಾದರೂ ಕಾಗದ ತೋರಿಸಿ ಅಗ್ಗಕ್ಕೆ ತೋಟ ಕೊಡಿಸುತ್ತೇನೆ ಅಂದರೆ ಅವನಿಗೆ ಒಂದು ಟೀ ಕುಡಿಸಿ ಕಳಿಸು.

ದಿನನಿತ್ಯದ ಸಾಹಸಗಳಿಗೆ ಬರುತ್ತೇನೆ. ಸಿಂಹವಲ್ಲ, ಇರುವೆ. ಮಳೆಗಾಲದ ಒಂದು ರಾತ್ರಿ ಮನೆಯೊಳಗೆ ಒಣಗಿದೆಲೆ ಸರಿದ ಹಾಗೆ ಸದ್ದಾಗುತ್ತದೆ. ಟಾರ್ಚ್ ಬಿಟ್ಟರೆ ಬಾಗಿಲ ಸಂದಿಯಿಂದ ಕಪ್ಪುಗೆಂಪು ಸಾಲು ಒಳಕ್ಕೆ ಹರಿಯುತ್ತಿರುತ್ತದೆ. ಅಂಚಿನಲ್ಲಿ ದೊಡ್ಡ ತಲೆಯ ಕಾವಲಿನವು ದವಡೆ ತೆರೆದು ನಿಂತಿರುತ್ತವೆ, ನಡುವೆ ಸಣ್ಣವು ಒಂದರ ಮೇಲೊಂದು ಓಡುತ್ತಿರುತ್ತವೆ. ಅದು ಸಿಯಾಫು. ಕಚ್ಚಿದ್ದನ್ನು ಕಿತ್ತರೆ ಮೈ ಕೈಗೆ ಬರುತ್ತದೆ, ತಲೆ ಚರ್ಮದಲ್ಲೇ ಉಳಿಯುತ್ತದೆ. ಚಗಳಿ ಚಟ್ನಿ ತಿಂದು ಬೆಳೆದ ನಾವು ಇರುವೆಗೆ ಹೆದರುವವರಲ್ಲ, ಆದರೂ ಅವತ್ತು ಜಂಬ ಬೇಡ. ಕೋಳಿಗೂಡಿನ ಬಾಗಿಲು ತೆಗೆ, ಕಟ್ಟಿದ ನಾಯಿಯನ್ನು ಬಿಚ್ಚು, ನೀನೂ ಹೊರಗೆ ಹೋಗು. ಕಟ್ಟಿಹಾಕಿದ್ದಕ್ಕೆ ಮಾತ್ರ ಅದರಿಂದ ಪ್ರಾಣಭಯ. ಪಕ್ಕದ ಮನೆಯವರು ಕುರ್ಚಿ ಹಾಕುತ್ತಾರೆ, ಕೂತು ಮಾತಾಡು. ಬೆಳಗ್ಗೆ ವಾಪಸು ಬಂದಾಗ ಮನೆಯಲ್ಲಿ ಜಿರಲೆ, ತಿಗಣೆ, ಇಲಿಮರಿ ಒಂದೂ ಇರುವುದಿಲ್ಲ. ನಮ್ಮಲ್ಲಿ ಇದಕ್ಕೆ ದುಡ್ಡು ಕೊಟ್ಟು ಜನ ಕರೆಸುತ್ತಾರೆ.

ಒಗೆದ ಬಟ್ಟೆಗೆಲ್ಲ ಇಸ್ತ್ರಿ ಹಾಕಿಸು. ಶೋಕಿಗಲ್ಲ. ಅಲ್ಲೊಂದು ನೊಣ ಇದೆ, ಹೊರಗೆ ಒಣಹಾಕಿದ ಹಸಿ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತದೆ. ಉಟ್ಟಾಗ ಮರಿಹುಳ ಸದ್ದಿಲ್ಲದೆ ಚರ್ಮದೊಳಗೆ ಸೇರಿ ಕುರುವಿನ ಹಾಗೆ ಏಳುತ್ತದೆ. ಚಡ್ಡಿ, ಬನಿಯನ್, ಟವೆಲು, ಹೊಲಿಗೆಯ ಮೇಲೆಲ್ಲ ಬಿಸಿ ಪೆಟ್ಟಿಗೆ ಆಡಬೇಕು. ಕರೆಂಟ್ ಇಲ್ಲದಿದ್ದರೆ ಇದ್ದಿಲಿನ ಪೆಟ್ಟಿಗೆ ಸಿಗುತ್ತದೆ. ಬರಿಗಾಲಲ್ಲಿ ಓಡಾಡಬೇಡ, ದನದ ಕೊಟ್ಟಿಗೆ, ದೂಳಿನ ಅಂಗಳದಲ್ಲಿ ಫುನ್ಜಾ ಅನ್ನುವ ಚಿಗಟ ಉಗುರಿನ ಸಂದಿಗೆ ಸೇರುತ್ತದೆ. ಇಂಬಳ ರಕ್ತ ಕುಡಿದು ತಾನೇ ಬಿದ್ದುಹೋಗುವ ಸಭ್ಯ ಜೀವಿ ಅಂತ ಅವತ್ತು ನಿನಗೆ ಅನ್ನಿಸುತ್ತದೆ.

ನೀರು. ಹೇಮಾವತಿಯಲ್ಲಿ ಈಜು ಕಲಿತವನು ನೀನು, ನೀರು ಕಂಡರೆ ಅಂಗಿ ಬಿಚ್ಚುತ್ತೀಯ. ರಜೆಯಲ್ಲಿ ನ್ಯಾಸಾ ಸರೋವರದ ಕಡೆ ಕರೆದುಕೊಂಡು ಹೋಗುತ್ತಾರೆ. ಸಮುದ್ರದಂತೆ ಕಾಣುವ ತಿಳಿನೀರು. ಅಲ್ಲಿ ದಡದ ನಿಂತ ನೀರಿನಲ್ಲಿ, ಜೊಂಡು ಇರುವ ಕಡೆ, ಬಸವನಹುಳದಿಂದ ಹೊರಟ ಕಣ್ಣಿಗೆ ಕಾಣದ ಹುಳ ಚರ್ಮ ಕೊರೆದು ಒಳಗೆ ಹೋಗುತ್ತದೆ. ಬಿಲ್‌ಹಾರ್ಜಿಯಾ ಅನ್ನುತ್ತಾರೆ. ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ, ಆಮೇಲೆ ಮೂತ್ರದಲ್ಲಿ ರಕ್ತ. ಮಾತ್ರೆ ಇದೆ, ವಾಸಿಯಾಗುತ್ತದೆ, ಆದರೆ ಪರೀಕ್ಷೆ ಮಾಡಿಸಿಕೊಂಡರೆ ತಾನೆ.

ಜ್ವರದ ಮಾತು ಇದಕ್ಕಿಂತ ದೊಡ್ಡದು. ಮಲೆನಾಡಿನವರಿಗೆ ಮಲೇರಿಯಾ ಹೊಸದಲ್ಲ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದು ಮನೆಮನೆಗೆ ಡಿಡಿಟಿ ಹೊಡೆಯುವವರೆಗೂ ಈ ಗುಡ್ಡಗಳಲ್ಲಿ ಚಳಿಜ್ವರಕ್ಕೆ ಊರೂರೇ ಖಾಲಿಯಾಗುತ್ತಿತ್ತು. ನಮ್ಮಜ್ಜಿ ಹೇಳುತ್ತಿದ್ದ ಹಾಳೂರುಗಳ ಹೆಸರು ನನಗಿನ್ನೂ ನೆನಪಿದೆ. ಅಲ್ಲಿನದು ಹೆಚ್ಚಾಗಿ ಫಾಲ್ಸಿಪೇರಮ್, ಮಿದುಳಿಗೇರುವ ಜಾತಿ. ಮೈ ಬೆಚ್ಚಗಾದ ದಿನವೇ ಬೆರಳು ಚುಚ್ಚಿಸಿಕೊ. ಹಳ್ಳಿಯ ಸಣ್ಣ ಆಸ್ಪತ್ರೆಯಲ್ಲೂ ಹದಿನೈದು ಇಪ್ಪತ್ತು ನಿಮಿಷದಲ್ಲಿ ಗೊತ್ತಾಗುವ ಪರೀಕ್ಷೆ ಇದೆ; ಅಲ್ಲಿನ ನರ್ಸು ನೋಡಿರುವಷ್ಟು ಮಲೇರಿಯಾವನ್ನು ಬೆಂಗಳೂರಿನ ದೊಡ್ಡ ಡಾಕ್ಟರೂ ನೋಡಿರುವುದಿಲ್ಲ. ಕಷಾಯ ಕುಡಿದು ಎರಡು ದಿನ ನೋಡೋಣ ಅನ್ನುವುದು ಇಲ್ಲಿನ ನೆಗಡಿಗೆ ಸರಿ. ಊರಿಗೆ ರಜೆಗೆ ಬಂದಾಗ, ಬಂದು ಎರಡು ಮೂರು ತಿಂಗಳಾಗಿದ್ದರೂ ಸರಿಯೇ, ಜ್ವರ ಬಂದರೆ ‘ಆಫ್ರಿಕಾದಲ್ಲಿದ್ದೆ’ ಅನ್ನುವುದೇ ಡಾಕ್ಟರ ಮುಂದೆ ನಿನ್ನ ಮೊದಲ ಮಾತಾಗಿರಲಿ. ಹಾವಿಗೆ ಇಲ್ಲಿಂದ ಔಷಧಿ ಕೊಂಡುಹೋಗುವ ಯೋಚನೆಯನ್ನೂ ಬಿಡು. ನಮ್ಮ ಇಂಜೆಕ್ಷನ್ ನಮ್ಮ ನಾಗರ, ಕಟ್ಟುಹಾವು, ಮಂಡಲಗಳಿಗೆ ಮಾಡಿದ್ದು, ಅಲ್ಲಿನ ಮಾಂಬಾಕ್ಕೆ ನಾಟುವುದಿಲ್ಲ. ಗಂಬೂಟು, ಟಾರ್ಚು, ಎರಡೇ ಔಷಧಿ. ನಿಜವಾಗಿ ಹೆದರಬೇಕಾದ್ದು ಬೋಡಾಬೋಡಾಕ್ಕೆ, ಅಂದರೆ ಬಾಡಿಗೆ ಬೈಕಿಗೆ. ಕತ್ತಲಾದ ಮೇಲೆ ಹತ್ತಬೇಡ.

ಗಡಿಯಾರದಲ್ಲೂ ಒಂದು ಪೇಚಿದೆ. ಅಲ್ಲಿ ಹೊತ್ತು ಹುಟ್ಟಿದ್ದರಿಂದ ಗಂಟೆ ಎಣಿಸುತ್ತಾರೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ಲಾರಿ ಎರಡು ಗಂಟೆಗೆ ಬರುತ್ತದೆ ಅಂತ ಸ್ವಾಹಿಲಿಯಲ್ಲಿ ಹೇಳಿದರೆ ಬೆಳಗ್ಗೆ ಎಂಟಕ್ಕೇ ಬಂದು ನಿಂತಿರುತ್ತದೆ, ನೀನು ಊಟ ಮುಗಿಸಿ ಹೋದರೆ ದೂಳೂ ಕಾಣುವುದಿಲ್ಲ. ಗೊತ್ತಾಗುವವರೆಗೆ ಬೆರಳಿನಲ್ಲಿ ಸೂರ್ಯನನ್ನು ತೋರಿಸಿ ಕೇಳು, ನಾಚಿಕೆ ಬೇಡ.

ಊಟಕ್ಕೆ ನೀನು ಹೆದರಬೇಕಾಗಿಲ್ಲ. ಉಗಾಲಿ ಅಂದರೆ ಮುಸುಕಿನ ಜೋಳದ ಮುದ್ದೆ. ಜೊತೆಗೆ ದಂಟಿನ ಸೊಪ್ಪು, ಹುರುಳಿಕಾಯಿ ಕಾಳು, ಕೆಲವು ದಿನ ಮೀನು. ಮುರಿದು, ಬೆರಳಿನಲ್ಲಿ ಗುಳಿ ಮಾಡಿ, ಅದ್ದಿ ತಿನ್ನುತ್ತಾರೆ. ನಾವು ನುಂಗುತ್ತೇವೆ, ಅವರು ಅಗಿಯುತ್ತಾರೆ, ಅಷ್ಟೇ ವ್ಯತ್ಯಾಸ. ಚಪಾತಿಯನ್ನು ಚಪಾತಿ ಅಂತಲೇ ಕರೆಯುತ್ತಾರೆ. ಸಂತೆಯಲ್ಲಿ ಉಲೇಜಿ ಅಂತ ಕೇಳಿದರೆ ರಾಗಿ ಸಿಗುತ್ತದೆ. ಮಕ್ಕಳಿಗೆ ಅಂಬಲಿ ಮಾಡಲು ಕೊಳ್ಳುತ್ತಾರೆ. ಕಿಲಿಮಂಜಾರೊ ಕಡೆಯ ಚಗ್ಗಾ ಜನ ಬಾಳೆಹಣ್ಣಿನ ಜೊತೆ ಸೇರಿಸಿ ಮ್ಬೆಗೆ ಎಂಬ ಹೆಂಡ ಇಳಿಸುತ್ತಾರೆ. ಒಂದು ಭಾನುವಾರ ಲೈನಿನವರನ್ನು ಕೂರಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸು. ಮೊದಲ ಮಳೆಗೆ ಹುತ್ತದಿಂದೆದ್ದ ರೆಕ್ಕೆಹುಳ ಹುರಿದು ಕೊಟ್ಟರೆ ಮುಖ ಸಿಂಡರಿಸಬೇಡ. ಈಸಲು ಹುಳ ಹುರಿದು ತಿಂದ ಮನೆಗಳು ನಮ್ಮ ಊರುಗಳಲ್ಲೂ ಇದ್ದವು. ಈಗ ಹೇಳಿಕೊಳ್ಳುವವರಿಲ್ಲ, ಅಷ್ಟೆ.

ಆನೆ ವಿಷಯದಲ್ಲಿ ನಿನಗೆ ನಾನೇನು ಹೇಳಲಿ. ಆಲೂರು, ಸಕಲೇಶಪುರದ ಮಕ್ಕಳು ಶಾಲೆಗೆ ಹೋಗುವ ಮೊದಲು ಆನೆ ಎಲ್ಲಿದೆ ಅಂತ ವಾಟ್ಸಾಪ್ ನೋಡುತ್ತಾರೆ. ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಾಗ ಅತ್ತವರಲ್ಲಿ ನೀನೂ ಒಬ್ಬ. ರುವುಮಾದ ಪೂರ್ವಕ್ಕೆ, ತುಂಡುರು ಕಡೆ, ಸೆಲೂಸ್ ಕಾಡಿನಿಂದ ಮೊಜಾಂಬಿಕಿನ ನಿಯಾಸಾ ಕಾಡಿಗೆ ಆನೆ ದಾಟುವ ದಾರಿ ಇದೆ. ಅಲ್ಲಿನ ರೈತರೂ ರಾತ್ರಿಯೆಲ್ಲ ಮಚಾನಿನ ಮೇಲೆ ಕೂತು ತಗಡು ಬಡಿಯುತ್ತಾರೆ. ಕೆನ್ಯಾದಲ್ಲಿ ತಂತಿಗೆ ಜೇನುಪೆಟ್ಟಿಗೆ ತೂಗುಹಾಕಿ ಬೇಲಿ ಮಾಡಿದರು, ಆನೆ ತಂತಿ ಮುಟ್ಟಿದರೆ ಹುಳ ಏಳುತ್ತದೆ. ಆ ಉಪಾಯವನ್ನೇ 2021ರಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗ ನಮ್ಮ ಕೊಡಗಿನಲ್ಲಿ ಪ್ರಯೋಗಕ್ಕೆ ತಂದಿತು. ರಜೆಯಲ್ಲಿ ಸಫಾರಿ ಜೀಪಿನ ಬದಲು ಅಂಥ ಒಬ್ಬ ರೈತನ ಮಚಾನು ಹತ್ತು. ಭಾಷೆ ಬರದಿದ್ದರೂ ನಿಮ್ಮಿಬ್ಬರಿಗೆ ಬೆಳಗಿನವರೆಗೆ ಮಾತಿರುತ್ತದೆ.

ಆಫ್ರಿಕಾದ ಹಳ್ಳಿ ಕಂಡ ಹಾಸನ ಜಿಲ್ಲೆಯವರು ನಾವು ತೋಟದವರಷ್ಟೇ ಅಂತ ನೀನು ತಿಳಿದಿರಬಹುದು. ಇಲ್ಲ. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಗೆ ಹೋಗು, ಹಕ್ಕಿಪಿಕ್ಕಿ ಜನರ ಕಾಲೊನಿ. 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತ ಮೇಲೆ ಗಿಡಮೂಲಿಕೆ ಎಣ್ಣೆ ಮಾರಾಟಕ್ಕೆ ಇಳಿದ ಜನ. ಕಾಲೇಜು ಮೆಟ್ಟಿಲು ಹತ್ತದ ಗಂಡು ಹೆಣ್ಣು ಆಫ್ರಿಕಾದ ದೇಶದೇಶ ಸುತ್ತಿ, ಬಾಡಿಗೆ ಕೋಣೆ ಹಿಡಿದು, ಅಲ್ಲಿನ ಭಾಷೆಯಲ್ಲೇ ಚೌಕಾಸಿ ಮಾಡಿ ಬರುತ್ತಾರೆ. ಡಿಗ್ರಿ ಇರುವ ನಮ್ಮ ಹುಡುಗರು ಮೂರು ವರ್ಷ ಇದ್ದು ಕುಶಲ ಕೇಳುವ ‘ಹಬಾರಿ’ ಒಂದನ್ನು ಬಿಟ್ಟು ಬೇರೆ ಕಲಿಯದೆ ಬಂದದ್ದು ನೋಡಿದ್ದೇನೆ. ಭಾಷೆ ಕಲಿಯುವುದನ್ನು ಹಕ್ಕಿಪಿಕ್ಕಿಯವರಿಂದ ಕಲಿ.

ಅವರ ಕಷ್ಟದಿಂದಲೂ ಕಲಿಯುವುದಿದೆ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಯೂ ಅರೆಸೇನಾ ಪಡೆಯೂ ಹೊಡೆದಾಟಕ್ಕೆ ಬಿದ್ದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ ಫಾಶಿರ್ ಊರಿನ ಬಾಡಿಗೆ ಮನೆಗಳಲ್ಲಿ ಅನ್ನ ನೀರಿಲ್ಲದೆ ಸಿಕ್ಕಿಬಿದ್ದರು. ಸಾಲ ಮಾಡಿ ಸರಕು ಒಯ್ದವರು. 24ರಂದು ನಮ್ಮ ಸರ್ಕಾರ ಜನರನ್ನು ಕರೆತರುವ ಆಪರೇಷನ್ ಕಾವೇರಿ ಶುರುವಾಗಿ, ಪೋರ್ಟ್ ಸುಡಾನ್ ಬಂದರು ತಲುಪಿ, ಜೆಡ್ಡಾ ದಾಟಿ ಊರು ಸೇರಿದರು. ಅಂಥ ದಿನ ಯಾವ ಊರಿನಲ್ಲಿ ಯಾರಿದ್ದಾರೆ ಅನ್ನುವ ಪಟ್ಟಿಯೇ ಜೀವ ಉಳಿಸುವುದು. ನೀನು ಇಳಿದ ವಾರದಲ್ಲೇ ದಾರ್ ಎಸ್ ಸಲಾಮಿನ ಭಾರತದ ಹೈಕಮಿಷನ್ನಿನಲ್ಲಿ ಹೆಸರು ಬರೆಸು. ಪಾಸ್‌ಪೋರ್ಟನ್ನು ಯಾರ ಬೀರುವಿಗೂ ಒಪ್ಪಿಸಬೇಡ, ಎಷ್ಟೇ ದೊಡ್ಡ ಸಾಹೇಬರು ಕೇಳಲಿ. ಅಲ್ಲಿ ಕೆಲಸದ ಪರವಾನಗಿ ಬೇರೆ, ವಾಸದ ಪರವಾನಗಿ ಬೇರೆ. ಎರಡೂ ಕೈಗೆ ಬಂದ ಮೇಲೆ ಕೆಲಸ. ಸದ್ಯಕ್ಕೆ ಬಿಸಿನೆಸ್ ವೀಸಾದಲ್ಲಿ ಬಾ, ಆಮೇಲೆ ನೋಡೋಣ ಅಂದರೆ ವಿಮಾನ ಹತ್ತಬೇಡ. ಒಪ್ಪಂದದ ಒಂದು ಪ್ರತಿ ನಿಮ್ಮಪ್ಪನ ಬಳಿ ಇರಲಿ.

ಒಂದು ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಕೊಂಡು ಹೋಗು. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಒಬ್ಬ ಹೆಂಗಸನ್ನು ಬಲಿ ತೆಗೆದುಕೊಂಡಿತು. ಆಮೇಲೆ ಆ ದಾರಿಯಲ್ಲಿ ಬಂದ, ಅದಕ್ಕೂ ತನಗೂ ಸಂಬಂಧವೇ ಇಲ್ಲದ ಟಾಂಜಾನಿಯಾದ ಹುಡುಗಿಯನ್ನು ಗುಂಪು ಎಳೆದು ಹೊಡೆಯಿತು, ಕಾರಿಗೆ ಬೆಂಕಿ ಇಟ್ಟಿತು. ನಮ್ಮಲ್ಲಿ ಮರೆತಿದ್ದಾರೆ, ಅಲ್ಲಿ ಮರೆತಿಲ್ಲ. ಬೆಂಗಳೂರು ಅಂದ ಕೂಡಲೇ ಯಾರಾದರೂ ಕೇಳುತ್ತಾರೆ. ಆಗ ‘ಎಲ್ಲರೂ ಹಾಗಲ್ಲ’ ಅಂತ ವಾದಕ್ಕಿಳಿಯಬೇಡ. ಆದದ್ದು ಅನ್ಯಾಯ ಅನ್ನು, ಅಷ್ಟು ಸಾಕು. ನಮ್ಮವರೇ ಕೂತ ಜಾಗದಲ್ಲಿ ಅಲ್ಲಿನವರ ಬಣ್ಣದ ಮಾತು ಬರುತ್ತದೆ, ಕನ್ನಡದಲ್ಲಿ, ಅವರಿಗೆ ತಿಳಿಯುವುದಿಲ್ಲ ಅನ್ನುವ ಧೈರ್ಯದಲ್ಲಿ. ಎದ್ದು ಹೋಗು. ಬಡಿಸುವವನಿಗೆ ಮಾತು ತಿಳಿಯದಿದ್ದರೂ ನಗು ತಿಳಿಯುತ್ತದೆ.

ಸಂಜೆಯ ಮಾತು ಹೇಳದೆ ಇದ್ದರೆ ನಾನು ಸಕಲೇಶಪುರದವನೇ ಅಲ್ಲ. ಅಲ್ಲಿ ವರ್ಷವಿಡೀ ಏಳೂವರೆಯೊಳಗೆ ಕತ್ತಲು. ಬಂಗ್ಲೆ, ಜನರೇಟರ್ ಸದ್ದು, ನೀನು. ಕೊನ್ಯಾಗಿ ಅನ್ನುವ ಅಲ್ಲಿನ ಮದ್ಯದ ಬಾಟಲಿ ಅಗ್ಗಕ್ಕೆ ಸಿಗುತ್ತದೆ. ಮಲೇರಿಯಾಕ್ಕಿಂತ ಹೆಚ್ಚು ಹುಡುಗರನ್ನು ಅದೇ ಊರಿಗೆ ವಾಪಸು ಕಳಿಸಿರುವುದು. ಸಂಜೆ ಫುಟ್‌ಬಾಲ್ ಆಡುವವರ ಜೊತೆ ಸೇರು, ಆಡಲು ಬರದಿದ್ದರೆ ಚೆಂಡು ಹೆಕ್ಕಿಕೊಡು. ಭಾನುವಾರ ಚರ್ಚಿನಲ್ಲಿ ಹಾಡುತ್ತಾರೆ, ಬಾಗಿಲಲ್ಲಿ ನಿಂತು ಕೇಳು. ನಮ್ಮ ದೇವತೆ ಕೆಂಚಮ್ಮನ ಪ್ರಸಾದ ಪೆಟ್ಟಿಗೆಯಲ್ಲಿದ್ದರೂ ಅವಳೇನೂ ಬೇಸರ ಮಾಡಿಕೊಳ್ಳುವುದಿಲ್ಲ. ನಿಮ್ಮಮ್ಮನಿಗೆ ದಿನಾ ಫೋನ್ ಮಾಡು, ಆದರೆ ವಿಡಿಯೋ ಕಾಲಿನಲ್ಲಿ ಸಿಯಾಫು ತೋರಿಸಬೇಡ.

ಇನ್ನೆರಡು ಮಾತು, ಎರಡನ್ನೂ ಆಜ್ಞೆ ಅಂತಲೇ ತಿಳಿ. ನಿನ್ನ ಟಿಕೆಟ್ ಅಡಿಸ್ ಅಬಾಬಾ ಮೇಲೋ ನೈರೋಬಿ ಮೇಲೋ ಇರುತ್ತದೆ. ಇಥಿಯೋಪಿಯಾ, ಕೆನ್ಯಾ, ಉಗಾಂಡಾಗಳಲ್ಲಿ ತಂಗಿ ಬಂದವನ ಬಳಿ ಹಳದಿ ಜ್ವರದ ಲಸಿಕೆಯ ಪುಸ್ತಕ ಇಲ್ಲದಿದ್ದರೆ ನಮ್ಮ ದೇಶದಲ್ಲಿ ಆರು ದಿನ ಬೇರೆ ಇರಿಸುತ್ತಾರೆ. ಚುಚ್ಚಿಸಿಕೊಂಡ ಹತ್ತು ದಿನದ ಮೇಲೇ ಅದಕ್ಕೆ ಬೆಲೆ, ಆಮೇಲೆ ಜೀವಮಾನಕ್ಕೆ ಸಾಕು. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಆಗಬೇಕು. ಈ ವಾರವೇ ಮುಗಿಸು.

ಇನ್ನೊಂದು, ಬರುವಾಗಿನದು. ತೋಟದವನ ಕೈ ಸುಮ್ಮನಿರುವುದಿಲ್ಲ. ಒಳ್ಳೆ ಗಿಡ ಕಂಡರೆ ನಾಲ್ಕು ಬೀಜ ಜೇಬಿಗಿಳಿಯುತ್ತದೆ. 1922ರಲ್ಲಿ ಕೆನ್ಯಾದಲ್ಲಿ ಮೊದಲು ಕಂಡ ಕಾಫಿ ಕಾಯಿಕೊಳೆ ರೋಗ ಆಫ್ರಿಕಾದ ಕಾಫಿ ನಾಡುಗಳನ್ನೆಲ್ಲ ಸುತ್ತಿದೆ, ಎಳೆಗಾಯಿಯನ್ನೇ ಕಪ್ಪು ಮಾಡಿ ಉದುರಿಸುತ್ತದೆ. ನಮ್ಮ ದೇಶಕ್ಕೆ ಅದಿನ್ನೂ ಕಾಲಿಟ್ಟಿಲ್ಲ. ಕಾಯಿಕೊರಕ ಆಫ್ರಿಕಾದಿಂದ ಹೊರಟು 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡಿತು, ಇವತ್ತು ನಿಮ್ಮಪ್ಪನ ತೋಟದಲ್ಲೂ ಇದೆ. ಆಫ್ರಿಕನ್ ಬಸವನಹುಳ ಶನಿವಾರಸಂತೆ ಕಡೆ ಏನು ಮಾಡಿತು ಅಂತ ನೀನೇ ಕಂಡಿದ್ದೀಯ. ಅಲ್ಲಿನ ಕಾಫಿ ರುಚಿ ನಮಗೂ ತೋರಿಸಬೇಕು ಅನ್ನಿಸಿದರೆ ಹುರಿದು ಪುಡಿ ಮಾಡಿದ್ದನ್ನು ತಾ. ಹಸಿ ಬೀಜ, ಕಸಿಕಡ್ಡಿ, ಮಣ್ಣು ಮೆತ್ತಿದ ಬೂಟು, ಇವು ಒಂದೂ ಶಿರಾಡಿ ಘಾಟಿ ಹತ್ತಕೂಡದು.